ಎರಡು ತಾಸಿನ ತೀರ್ಪು

2025ನೆಯ ಇಸವಿಯ ಮೇ ತಿಂಗಳ ನಡುವಿನ ದಿನಗಳು. ಬೆಟಗೇರಿಯಲ್ಲಿ ಬೇಸಿಗೆಯು ತನ್ನ ಕೊನೆಯ ಪ್ರತಾಪವನ್ನು ತೋರಿಸುತ್ತಿತ್ತು. ಮಧ್ಯಾಹ್ನದ ಹೊತ್ತು ಓಣಿಯಲ್ಲಿ ನಾಯಿ ಕೂಡ ಸುಳಿಯುತ್ತಿರಲಿಲ್ಲ. ದೂರದ ಒಂದೆರಡು ಮನೆಗಳಿಂದ ಕೇಳಿಬರುವ ಮಗ್ಗದ ಸಪ್ಪಳವನ್ನು ಬಿಟ್ಟರೆ ಊರೆಲ್ಲ ಮೌನ. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಮಾತ್ರ ಹಬ್ಬದ ಮುನ್ನಾದಿನದ ಸಡಗರ.

ಸಡಗರಕ್ಕೆ ಕಾರಣನಾದವನು ನನ್ನ ಮೊಮ್ಮಗ. ಹಿರಿಯ ಮಗನ ಮಗ. ಇಪ್ಪತ್ತೊಂದು ವರ್ಷದ ತರುಣ. ಪದವಿಯನ್ನು ಮುಗಿಸಿ ಕೆಲಸವನ್ನು ಹುಡುಕುತ್ತಿದ್ದ. ಅದರ ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿ ಬಂದಿದ್ದ. ಒಂದು ರಾತ್ರಿಯ ಪ್ರಯಾಣ, ಹತ್ತು ನಿಮಿಷದ ಸಂದರ್ಶನ, ಮತ್ತೊಂದು ರಾತ್ರಿಯ ಪ್ರಯಾಣ. “ಏನ ಕೇಳಿದ್ರೋ ತಮ್ಮಾ?” ಎಂದು ನಾನು ವಿಚಾರಿಸಿದಾಗ, “ನಾ ಹೇಳಾಕ ಸುರು ಮಾಡೂದ್ರಾಗ ಮುಗದಿತ್ತಜ್ಜಾ” ಎಂದು ಹೇಳಿ ಒಳಗೆ ಹೋಗಿದ್ದ. ಅವನ ಮಾತೇ ಹಾಗೆ. ಮೊದಲು ಯೋಚಿಸುತ್ತಾನೆ, ಆಮೇಲೆ ಬಾಯಿ ತೆರೆಯುತ್ತಾನೆ. ಆ ನಡುವಿನ ಮೌನವನ್ನು ಕಂಡು ಅಪರಿಚಿತರು ಇವನಿಗೆ ಏನೂ ತಿಳಿಯದೆಂದು ಭಾವಿಸುವುದುಂಟು.

ಅಂಥವನು ಆ ದಿನ ಉತ್ಸಾಹದಿಂದ ಗಣಕಯಂತ್ರದ ಮುಂದೆ ಕುಳಿತಿದ್ದ. ಹಬ್ಬ ಹುಣ್ಣಿಮೆಗಳಿಗೆ ಹಿರಿಯರು ಕೊಟ್ಟ ಹಣವನ್ನು ಎರಡು ವರ್ಷ ಕೂಡಿಟ್ಟು ಒಂದು ಆಟವನ್ನು ಕೊಂಡಿದ್ದ. ಮೇ 15ರಂದು ಜಗತ್ತಿನಾದ್ಯಂತ ಬಿಡುಗಡೆಯಾದ ಅದರ ಹೆಸರು ‘ಡೂಮ್: ದ ಡಾರ್ಕ್ ಏಜಸ್’. ಇಂದು ಇಂಥ ಆಟಗಳು ಪೆಟ್ಟಿಗೆಯಲ್ಲಿ ಬರುವುದು ಅಪರೂಪ. ತಂತಿಯ ಮೂಲಕವೇ ಮನೆಗೆ ಇಳಿಯುತ್ತವೆ. ಇದಕ್ಕೆ ಗಣಕಯಂತ್ರದಲ್ಲಿ ನೂರು ಜಿ.ಬಿ. ಜಾಗ ಬೇಕಂತೆ. ರಾತ್ರಿಯಿಡೀ ಇಳಿದು ಬೆಳಗಿನ ಉಪ್ಪಿಟ್ಟಿನ ಹೊತ್ತಿಗೆ ಅದು ಸಿದ್ಧವಾಯಿತು. ಒಂದು ಲಾರಿ ಶೇಂಗಾ ಇಳಿಸಲು ಇಷ್ಟು ಹೊತ್ತು ಹಿಡಿಯುವುದಿಲ್ಲವೆಂದು ಅವನ ಅಜ್ಜಿ ನಕ್ಕಳು.

ಓದುಗರಲ್ಲಿ ಮಕ್ಕಳೊಂದಿಗರು ಬಹಳ ಮಂದಿ ಇರುವುದರಿಂದ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಇದು ಮಕ್ಕಳ ಆಟವಲ್ಲ. ಯುರೋಪಿನಲ್ಲಿ ಇದಕ್ಕೆ ಹದಿನೆಂಟು ವರ್ಷ ತುಂಬಿದವರಿಗೆ ಮಾತ್ರ ಎಂಬ ಮುದ್ರೆ ಬಿದ್ದಿದೆ. ರಕ್ತಪಾತಕ್ಕೆ ಇದರಲ್ಲಿ ಮಿತಿಯೇ ಇಲ್ಲ. ನಾನು ಹೇಳಹೊರಟಿರುವುದು ಆ ರಕ್ತಪಾತದ ಸಂಗತಿಯಲ್ಲ, ಅದರ ವೇಗದ ಸಂಗತಿ.

ಗಡಿಯಾರ ಇಟ್ಟು ಆಡುವ ಆಟ

ಆಟ ಆರಂಭವಾಗಿ ಒಂದೂವರೆ ತಾಸು ಕಳೆದಿತ್ತು. ನಾನು ಮಜ್ಜಿಗೆಯ ಲೋಟವನ್ನು ಹಿಡಿದು ಮೇಲೆ ಹೋದೆ. ಹುಡುಗನ ಮುಖ ಬಾಡಿತ್ತು.

“ಯಾಕಪ್ಪಾ, ಮಾರಿ ಸಪ್ಪಗ ಮಾಡಿದಿ?”

“ಇದು ಡೂಮ್ ಅಲ್ಲಜ್ಜಾ, ಎತ್ತಿನ ಗಾಡಿ. ಹಿಂದಿನದ್ರಾಗ ಹಾರತಿದ್ದೆ; ಇದ್ರಾಗ ನಿಂತು ಬಡದಾಡಬೇಕು. ರೊಕ್ಕ ವಾಪಸ್ ತೊಗೊಳ್ಳಲೋ ಏನ್ ಮಾಡಲಿ ಅಂತ ನೋಡಾಕತ್ತೀನಿ. ಇನ್ನ ಅರ್ಧ ತಾಸು ಐತಿ.”

ಈ ಅರ್ಧ ತಾಸಿನ ಲೆಕ್ಕ ನನಗೆ ತಿಳಿಯಲಿಲ್ಲ. ಅವನೇ ವಿವರಿಸಿದ. ಆಟಗಳನ್ನು ಮಾರುವ ‘ಸ್ಟೀಮ್’ ಎಂಬ ದೊಡ್ಡ ಅಂಗಡಿಯು 2015ರಲ್ಲಿ ಒಂದು ನಿಯಮವನ್ನು ಮಾಡಿತು. ಕೊಂಡು ಹದಿನಾಲ್ಕು ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ, ಕಾರಣವನ್ನೇ ಕೇಳದೆ ಹಣವನ್ನು ಹಿಂದಿರುಗಿಸುತ್ತಾರೆ. ದೊಡ್ಡ ಆಟಗಳ ಬೆಲೆ ಸಾವಿರಾರು ರೂಪಾಯಿ. ಕೊಳ್ಳುವವನಿಗೆ ಇದು ನ್ಯಾಯವಾದ ರಕ್ಷಣೆಯೇ. ಅರಿವೆ ಅಂಗಡಿಯಲ್ಲಿ ಸೀರೆಯ ಮಡಿಕೆ ಬಿಚ್ಚದೆ ಯಾರು ಕೊಳ್ಳುತ್ತಾರೆ? ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ನೂರಾರು ಜನರು ನಾಲ್ಕೈದು ವರ್ಷ ದುಡಿದು ಕಟ್ಟಿದ ವಸ್ತುವಿಗೆ ಎರಡು ತಾಸಿನಲ್ಲಿ ತೀರ್ಪು ಸಿಗುತ್ತದೆ. ಮೊದಲ ಹೆಜ್ಜೆಯಿಂದಲೇ ಕುಣಿಯುವ ಆಟ ಆ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾದೀತು. ನಿಧಾನವಾಗಿ ಅರಳುವ ಆಟದ ಗತಿಯೇನು?

ಡೂಮಿನ ವಂಶಾವಳಿ

ಈ ಪ್ರಶ್ನೆ ಅರ್ಥವಾಗಬೇಕಾದರೆ ಈ ಆಟದ ವಂಶಾವಳಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಮೊದಲ ‘ಡೂಮ್’ ಹೊರಬಂದದ್ದು 1993ರ ಡಿಸೆಂಬರ್ 10ರಂದು. ಅಮೆರಿಕದ ಟೆಕ್ಸಾಸ್ ರಾಜ್ಯದ ‘ಇಡ್ ಸಾಫ್ಟ್‌ವೇರ್’ ಎಂಬ ಚಿಕ್ಕ ಸಂಸ್ಥೆಯ ಕೆಲವು ತರುಣರು ಅದನ್ನು ಮಾಡಿದರು. ಕಥೆಯು ವಿಜ್ಞಾನ ಮತ್ತು ಪುರಾಣಗಳ ಬೆರಕೆ. ಮುಂದೊಂದು ಕಾಲದಲ್ಲಿ ಮಂಗಳ ಗ್ರಹದ ಉಪಗ್ರಹಗಳ ಮೇಲೆ ವಿಜ್ಞಾನಿಗಳು ನಡೆಸಿದ ಪ್ರಯೋಗದಿಂದ ನರಕದ ಬಾಗಿಲು ತೆರೆದುಕೊಳ್ಳುತ್ತದೆ. ಅಲ್ಲಿಂದ ನುಗ್ಗುವ ರಾಕ್ಷಸರನ್ನು ಒಬ್ಬಂಟಿ ಸೈನಿಕನು ಎದುರಿಸುತ್ತಾನೆ. ಆಡುವವನಿಗೆ ಆ ಸೈನಿಕ ಕಾಣುವುದಿಲ್ಲ. ಅವನ ಕಣ್ಣಿನಿಂದಲೇ ಲೋಕವನ್ನು ಕಾಣಬೇಕು. ಮೊದಲ ಭಾಗವನ್ನು ಧರ್ಮಾರ್ಥವಾಗಿ ಹಂಚಿದರು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಅದು ಜಗತ್ತನ್ನು ಸುತ್ತಿತು. ಅದರ ಜೀವಾಳವೆಂದರೆ ಓಟ. ಸೈನಿಕನಿಗೆ ದಣಿವಿಲ್ಲ, ಬಂದೂಕಿಗೆ ಮತ್ತೆ ಗುಂಡು ತುಂಬುವ ಗೋಜಿಲ್ಲ. 1994ರಲ್ಲಿ ಬಂದ ಎರಡನೆಯ ಭಾಗವೂ ಅದೇ ಓಟವನ್ನು ಮುಂದುವರಿಸಿತು.

ಆಮೇಲೆ ಹತ್ತು ವರ್ಷಗಳ ನಿರೀಕ್ಷೆ. 2004ರ ಆಗಸ್ಟ್ 3ರಂದು ‘ಡೂಮ್ 3’ ಬಂದಾಗ ಆಟಗಾರರು ಬೆರಗಾದರು. ಬೆರಗಿನ ಹಿಂದೆಯೇ ಗೊಣಗಿದರು. ಓಡುತ್ತಿದ್ದ ಸೈನಿಕ ನಡೆಯತೊಡಗಿದ್ದ! 2145ನೆಯ ಇಸವಿಯ ಮಂಗಳ ಗ್ರಹ. ಕತ್ತಲು ಕವಿದ ಓಣಿಗಳು. ಸತ್ತವರು ಬಿಟ್ಟುಹೋದ ಪತ್ರಗಳನ್ನು ಓದಿ, ಅವರ ಧ್ವನಿಮುದ್ರಿಕೆಗಳನ್ನು ಆಲಿಸಿ, ಅಲ್ಲಿ ಅಡಗಿದ ಅಂಕಿಗಳಿಂದ ಕಪಾಟುಗಳ ಬೀಗ ತೆಗೆಯಬೇಕು. ನೂರು ರಾಕ್ಷಸರ ದಂಡು ಇಲ್ಲವಾಗಿ, ಮೂಲೆಯ ಕತ್ತಲಿನಿಂದ ಒಬ್ಬಿಬ್ಬರು ಮಾತ್ರ ಎದ್ದುಬರತೊಡಗಿದರು.

ಈ ಬದಲಾವಣೆಗೆ ಕಲ್ಪನೆಯಷ್ಟೇ ಯಂತ್ರವೂ ಕಾರಣ. ಸಂಸ್ಥೆಯ ಗಣಿತಪಂಡಿತ ಜಾನ್ ಕಾರ್ಮಾಕ್ ಅವರು ಬೆಳಕು ನೆರಳುಗಳಿಗೆ ಹೊಸ ವಿಧಾನವೊಂದನ್ನು ಅಳವಡಿಸಿದ್ದರು. ಮೊದಲಿನ ಆಟಗಳಲ್ಲಿ ನೆರಳುಗಳನ್ನು ಬಹುಮಟ್ಟಿಗೆ ಮೊದಲೇ ಬರೆದಿಡುತ್ತಿದ್ದರು. ಇಲ್ಲಿ ಹಾಗಲ್ಲ. ತೂಗಾಡುವ ಒಂದು ದೀಪದ ಕೆಳಗೆ ರಾಕ್ಷಸನೊಬ್ಬ ಹಾದರೆ ಅವನ ನೆರಳು ಗೋಡೆಯ ಮೇಲೆ ಹೇಗೆ ಬೀಳಬೇಕೆಂಬುದನ್ನು ಯಂತ್ರವು ಕ್ಷಣ ಕ್ಷಣಕ್ಕೂ ಹೊಸದಾಗಿ ಗುಣಿಸಬೇಕು. ಅಂದಿನ ಗಣಕಯಂತ್ರಗಳಿಗೆ ಅದು ಸಣ್ಣ ಹೊರೆಯಾಗಿರಲಿಲ್ಲ. ದೊಡ್ಡ ಬಯಲು, ದೊಡ್ಡ ದಂಡು ಸಾಧ್ಯವಾಗದ ಕಡೆ ಇಕ್ಕಟ್ಟಾದ ಓಣಿಯೂ ಕತ್ತಲೂ ಭಯವೂ ಬಂದು ನೆಲೆಸಿದವು.

ಇಷ್ಟಕ್ಕೂ ಜನರು ಅತಿಯಾಗಿ ಗೊಣಗಿದ್ದು ಒಂದು ಬ್ಯಾಟರಿಯ ಬಗ್ಗೆ. ಕತ್ತಲಲ್ಲಿ ನಡೆಯಲು ಸೈನಿಕನ ಬಳಿ ಕೈಬ್ಯಾಟರಿಯಿತ್ತು. ಅದನ್ನು ಹಿಡಿದರೆ ಬಂದೂಕನ್ನು ಒಳಗಿಡಬೇಕು. ಬಂದೂಕನ್ನು ಹಿಡಿದರೆ ಬ್ಯಾಟರಿ ಆರಬೇಕು. ಒಂದೋ ಕಾಣಬೇಕು, ಒಂದೋ ಕಾದಬೇಕು. ಮಂಗಳ ಗ್ರಹಕ್ಕೆ ಹೋದ ಮನುಷ್ಯನಿಗೆ ಬಂದೂಕಿನ ಮೂತಿಗೆ ಒಂದು ದೀಪ ಕಟ್ಟುವ ಬುದ್ಧಿ ಬರಲಿಲ್ಲವೇ ಎಂದು ಲೋಕವೆಲ್ಲ ನಕ್ಕಿತು. ಯಾರೋ ಒಬ್ಬ ಆಟಗಾರ ದೀಪವನ್ನು ಬಂದೂಕಿಗೆ ಅಂಟಿಸುವ ಚಿಕ್ಕ ತಿದ್ದುಪಡಿಯನ್ನು ತಾನೇ ಬರೆದು ಹಂಚಿದ. ಅದಕ್ಕಿಟ್ಟ ಹೆಸರು ‘ಡಕ್ಟ್ ಟೇಪ್’. ಅಂದರೆ ನಮ್ಮ ರಿಪೇರಿ ಅಂಗಡಿಗಳಲ್ಲಿ ಒಡೆದ ಕೊಳವೆಗೆ ಸುತ್ತುವ ಅಂಟುಪಟ್ಟಿ.

ಹುಬ್ಬಳ್ಳಿಯ ಕೋಣೆ

ಮಾತು ಇಲ್ಲಿಗೆ ಬರುವ ಹೊತ್ತಿಗೆ ನನ್ನ ಕಿರಿಯ ಮಗ ಊಟಕ್ಕೆಂದು ಮುದ್ರಣಾಲಯದಿಂದ ಮನೆಗೆ ಬಂದಿದ್ದ. ಗದಗ ಪಟ್ಟಣ ಮುದ್ರಣಕ್ಕೆ ಹೆಸರಾದದ್ದು ಓದುಗರಿಗೆ ಗೊತ್ತೇ ಇದೆ. ಅಲ್ಲಿ ಇವನದೂ ಒಂದು ಚಿಕ್ಕ ಮುದ್ರಣಾಲಯವಿದೆ. 2004ರಲ್ಲಿ ಇವನೂ ಇಪ್ಪತ್ತೊಂದರವನೇ, ಹುಬ್ಬಳ್ಳಿಯಲ್ಲಿ ಓದುತ್ತಿದ್ದ. ಗೆಳೆಯನ ಕೋಣೆಯಲ್ಲಿ ಐದು ಜನ ಒಂದೇ ಮಂಚದ ಮೇಲೆ ಒತ್ತಿಕೊಂಡು ಕುಳಿತು ‘ಡೂಮ್ 3’ನ್ನು ನೋಡಿದ್ದರಂತೆ.

“ನಾನೂ ಹಿಂಗ ಬೈದಿದ್ದೆ,” ಎಂದು ಅವನು ಹುಡುಗನಿಗೆ ಹೇಳಿದ. “ನಾಕನೇ ತಾಸಿಗೆ ಎದ್ದು ಹ್ವಾದೆ. ದೀಪ ಹಿಡಕೊಂಡು ತಿರುಗಾಡೂದು ಏನ ಆಟ ಅಂದೆ. ಎಂಟ ವರ್ಷ ಆದಮ್ಯಾಲ ಅದನ್ನ ರಿಪೇರಿ ಮಾಡಿ ಮತ್ತ ಬಿಟ್ರು.”

ಆ ಸಂಗತಿ ನಿಜ. 2012ರ ಅಕ್ಟೋಬರಿನಲ್ಲಿ ‘ಬಿ.ಎಫ್.ಜಿ. ಎಡಿಷನ್’ ಎಂಬ ಹೆಸರಿನಲ್ಲಿ ಆಟವನ್ನು ಪರಿಷ್ಕರಿಸಿ ಹೊರತಂದರು. ಜನರ ದೂರಿಗೆ ಓಗೊಟ್ಟು ದೀಪವನ್ನು ಸೈನಿಕನ ಕವಚಕ್ಕೇ ಸಿಕ್ಕಿಸಿದರು. ಬಂದೂಕು ಕೈಯಲ್ಲಿ, ಬೆಳಕು ಎದೆಯ ಮೇಲೆ.

“ಆಗ ನೀವು ಪೂರ್ತಿ ಆಡಿದ್ರೇನ ಕಾಕಾ?”

“ಆಡಿದೆ. ಮುಗಿಸಿದೆ. ಆದ್ರ ಅಂಜಿಕಿನ ಬರಲಿಲ್ಲ. ಹುಬ್ಬಳ್ಳ್ಯಾಗ ನಾಕ ತಾಸಿನ್ಯಾಗ ಬಂದ ಅಂಜಿಕಿ ಇಡೀ ಆಟದಾಗ ಬರಲಿಲ್ಲ. ಆ ಕೈಬ್ಯಾಟ್ರಿನ ಆಟ ಆಗಿತ್ತು ಅನ್ನೂದು ಅವತ್ತ ತಿಳೀತು.”

ಅವನೊಬ್ಬನ ಅನುಭವ ಮಾತ್ರ ಇದಲ್ಲ. ಪರಿಷ್ಕೃತ ಆಟವನ್ನು ಆಡಿದ ಅನೇಕರು ಇದನ್ನೇ ಹೇಳಿದ್ದಾರೆ. ಯಾವುದನ್ನು ದೋಷವೆಂದು ಎಂಟು ವರ್ಷ ಆಡಿಕೊಂಡರೋ ಅದನ್ನು ಕಿತ್ತ ಮೇಲೆ ಗುಣವೂ ಅದರ ಬೇರಿಗೆ ಅಂಟಿಕೊಂಡೇ ಬಂದುಬಿಟ್ಟಿತ್ತು. ಹಾಗೆಂದು ಮೊದಲ ದಿನದ ಆಕ್ಷೇಪಗಳೆಲ್ಲ ಸುಳ್ಳೆನ್ನಲಾಗದು. ಒಂದು ವಸ್ತುವನ್ನು ಎತ್ತಿಕೊಂಡೊಡನೆ ಬೆನ್ನ ಹಿಂದಿನ ಗೋಡೆ ತೆರೆದು ರಾಕ್ಷಸ ಹಾರಿಬರುವ ಉಪಾಯವನ್ನು ಆ ಆಟ ಮತ್ತೆ ಮತ್ತೆ ಬಳಸಿತ್ತು. ಹತ್ತನೆಯ ಸಲಕ್ಕೆ ಅಂಜುವವರಾರು? ಆ ದೂರು ಅಂದೂ ನಿಜ, ಇಂದೂ ನಿಜ. ಇಷ್ಟಾಗಿಯೂ 2007ರ ಹೊತ್ತಿಗೆ ಆ ಆಟದ ಮೂವತ್ತೈದು ಲಕ್ಷ ಪ್ರತಿಗಳು ಮಾರಾಟವಾಗಿದ್ದವು. ಬೈದವರೂ ಕೊಂಡಿದ್ದರೆನ್ನಬೇಕು.

ಡೋಣಿಯ ಕತ್ತಲು

ಅಷ್ಟರಲ್ಲಿ ಮೂಡಲ ದಿಕ್ಕಿನಿಂದ ಗಾಳಿ ಎದ್ದಿತು. ಮೇ ತಿಂಗಳ ಅಡ್ಡಮಳೆ. ಮೊದಲು ಧೂಳು, ಆಮೇಲೆ ಗುಡುಗು, ಆಮೇಲೆ ದಪ್ಪ ಹನಿ. ಬೀದಿಯ ಬೇವಿನ ಟೊಂಗೆಯೊಂದು ಮುರಿದು ತಂತಿಯ ಮೇಲೆ ಬಿದ್ದುದೇ ತಡ, ವಿದ್ಯುತ್ತು ಹೋಯಿತು. ಯು.ಪಿ.ಎಸ್. ಕೊಟ್ಟ ಹತ್ತು ನಿಮಿಷದ ಜೀವದಾನದಲ್ಲಿ ಹುಡುಗ ಆಟವನ್ನು ಮುಚ್ಚಿದ. ಗಡಿಯಾರವು ಒಂದು ತಾಸು ನಲವತ್ತೆರಡು ನಿಮಿಷಕ್ಕೆ ನಿಂತಿತು. ಮೋಡ ಕವಿದು ಹಗಲೇ ಕತ್ತಲಾಯಿತು. ನಾನು ಕಪಾಟಿನಿಂದ ಹಳೆಯ ಮೂರು ಸೆಲ್ಲಿನ ಬ್ಯಾಟರಿಯನ್ನು ತೆಗೆದೆ.

ಆ ಬ್ಯಾಟರಿಯನ್ನು ಕೈಯಲ್ಲಿ ಹಿಡಿದಾಗ ನನಗೆ ಮುಂಡರಗಿ ತಾಲ್ಲೂಕಿನ ಡೋಣಿಯ ನೆನಪಾಯಿತು. ಕಪ್ಪತಗುಡ್ಡದ ಬುಡದಲ್ಲಿರುವ ಆ ಊರಿನಲ್ಲಿ ನಮ್ಮ ಸಂಬಂಧಿಕರ ಹೊಲವಿತ್ತು. ಪಂಪಸೆಟ್ಟಿಗೆ ಕರೆಂಟು ಬರುತ್ತಿದ್ದುದು ರಾತ್ರಿಯ ಹೊತ್ತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಬಾವಿ ಬೋರುಗಳ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸರಿರಾತ್ರಿಯಲ್ಲಿ ಎದ್ದು ನೀರು ತಿರುವಲು ಹೋಗಬೇಕು. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಬಡಿಗೆ. ಸಲಿಕೆ ಹೆಗಲ ಮೇಲೆ. ಮಡೆ ಕಟ್ಟಬೇಕಾದರೆ ಸಲಿಕೆಗೆ ಎರಡೂ ಕೈ ಬೇಕು. ಆಗ ಬ್ಯಾಟರಿಯನ್ನು ಬದುವಿನ ಮೇಲಿಟ್ಟು, ಬಡಿಗೆಯನ್ನು ಕಾಲ ಬಳಿ ಚೆಲ್ಲಿ, ಬೆನ್ನನ್ನು ಕತ್ತಲಿಗೆ ಕೊಟ್ಟು ಬಗ್ಗಬೇಕು. ಕಪ್ಪತಗುಡ್ಡವನ್ನು ಸರ್ಕಾರವು 2019ರಲ್ಲಿ ವನ್ಯಜೀವಿಧಾಮವೆಂದು ಸಾರಿದ್ದು ಸುಮ್ಮನೆ ಅಲ್ಲ. ಚಿರತೆ, ತೋಳ, ಕತ್ತೆಕಿರುಬಗಳು ಅಲ್ಲಿ ನಿಜವಾಗಿಯೂ ಇವೆ. ಹಾವಿನ ಮಾತಂತೂ ಹೇಳಲೇಬೇಡಿ.

ಇದನ್ನೆಲ್ಲ ಹೇಳಿ, “ಕಾಣಬೇಕೋ ಕಾದಬೇಕೋ ಅನ್ನೂದು ಮಂಗಳ ಗ್ರಹದ ಸಮಸ್ಯೆ ಅಲ್ಲೋ ತಮ್ಮಾ, ಡೋಣಿಯ ಸಮಸ್ಯೆ” ಎಂದೆ. “ಆ ಹೊಲದಾಗ ಯಾವನೂ ಓಡಂಗಿಲ್ಲ. ಓಡಿದಾವ ಏನೂ ನೋಡಂಗಿಲ್ಲ.”

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಂದ್ರ ಆ ಆಟ ಮಾಡಿದವರು ಬೇಕಂತನ ಕೈ ಕಟ್ಟಿದ್ರೇನ?” ಎಂದು ಕೇಳಿದ.

ಅವನ ಕಾಕನು ಅದಕ್ಕೆ ಉತ್ತರ ಕೊಡಲಿಲ್ಲ. ಮಳೆಯ ಸಪ್ಪಳವನ್ನು ಕೇಳುತ್ತ ಕುಳಿತೆವು.

ಗದಗಿಗೆ ಹೊಸದಲ್ಲ

ಹಾಗೆ ಕುಳಿತಾಗ ನನಗೆ ಹೊಳೆದದ್ದಿದು. ವೇಗದ ಮೊದಲ ಭಾಗ, ನಿಧಾನದ ಉತ್ತರಭಾಗ ಎಂಬ ಸಮಸ್ಯೆ ಗದಗಿಗೆ ಹೊಸದಲ್ಲ. ನಮ್ಮ ಊರಿನ ಮಹಾಕಾವ್ಯಕ್ಕೇ ಅದು ಬಂದೊದಗಿದೆ.

ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳವರೆಗೆ ಹಾಡಿ ನಿಲ್ಲಿಸಿದ. ಗದಾಪರ್ವದಲ್ಲಿ ಕೌರವನು ಬಿದ್ದಮೇಲೆ ಅವನ ಕಥೆ ಮುಗಿಯಿತು. ಭಾಮಿನಿ ಷಟ್ಪದಿಯ ಆ ನಾಗಾಲೋಟಕ್ಕೆ ಕನ್ನಡ ಜನ ಶತಮಾನಗಳಿಂದ ತಲೆದೂಗಿದ್ದಾರೆ. ಉಳಿದ ಪರ್ವಗಳನ್ನು ಬರೆದವನು ವಿಜಯನಗರದ ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ. ಅವನಿಗೆ ದೊರೆತ ಪಾಲನ್ನು ನೋಡಿರಿ. ಯುದ್ಧವೆಲ್ಲ ಮುಗಿದಿದೆ, ಭೀಮನ ಗದೆ ಮೂಲೆ ಸೇರಿದೆ, ಗೆದ್ದ ಧರ್ಮರಾಯನಿಗೆ ಗೆಲುವು ರುಚಿಸುತ್ತಿಲ್ಲ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನು ರಾಜಧರ್ಮವನ್ನು ಬೋಧಿಸಬೇಕು, ಮುದುಕರು ಕಾಡಿಗೆ ಹೋಗಬೇಕು, ಯಾದವರು ಅಳಿಯಬೇಕು, ಪಾಂಡವರು ಹಿಮಾಲಯವನ್ನು ಏರಬೇಕು. ಅದೇ ಷಟ್ಪದಿ, ಆದರೆ ಓಡಲು ಕಣವೇ ಇಲ್ಲ. ಗಮಕಿಗಳು ಇಂದಿಗೂ ಊರೂರುಗಳಲ್ಲಿ ಹಾಡುವುದು ಕುಮಾರವ್ಯಾಸನನ್ನೇ. ತಿಮ್ಮಣ್ಣನ ಹೆಸರನ್ನು ಬಲ್ಲವರೇ ಕಡಿಮೆ.

ತಿಮ್ಮಣ್ಣನು ಕುಮಾರವ್ಯಾಸನಿಗೆ ಸಮನೆಂದು ನಾನು ವಾದಿಸುವುದಿಲ್ಲ. ಆದರೆ ನಾವು ಅವನನ್ನು ಅಳೆಯುವ ಕೋಲು ಯಾವುದು? ಶಾಂತಿಪರ್ವದ ಮುಂದೆ ಕುಳಿತು ಕರ್ಣಪರ್ವವನ್ನು ಹುಡುಕಿದರೆ ಅದು ಸಿಕ್ಕೀತೇ? ಉತ್ತರಭಾಗವನ್ನು ಮೊದಲ ಸಲ ಎದುರಿಸುವವನು ಅದನ್ನು ನೋಡುವುದಿಲ್ಲ. ತನ್ನ ನೆನಪಿನೊಡನೆ ಹೋಲಿಸುತ್ತಾನೆ. ಆಟದಲ್ಲಂತೂ ನೆನಪು ತಲೆಯಲ್ಲಿ ಮಾತ್ರವಲ್ಲ, ಬೆರಳುಗಳಲ್ಲಿಯೂ ಕುಳಿತಿರುತ್ತದೆ. ಹಳೆಯ ಆಟದಲ್ಲಿ ಹಾರಲು ಕಲಿತ ಹೆಬ್ಬೆರಳು ಹೊಸ ಆಟದಲ್ಲಿಯೂ ಹಾರಲು ಹವಣಿಸುತ್ತದೆ. ಹಾರಲಾಗದಿದ್ದಾಗ ತನಗೆ ಗೊತ್ತಿಲ್ಲವೆನ್ನದೆ ಆಟವೇ ಸರಿಯಿಲ್ಲವೆನ್ನುತ್ತದೆ.

ಸಂಗೀತದಲ್ಲಿಯೂ ಹೀಗೆಯೇ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮದ ಊರಿದು. ಇಲ್ಲಿಯೂ ವಿಲಂಬಿತ ಖ್ಯಾಲನ್ನು ಮೊದಲ ಸಲ ಕೇಳುವವರು ಪಕ್ಕದವರನ್ನು ಮೊಳಕೈಯಿಂದ ತಿವಿದು, “ಹಾಡು ಯಾವಾಗ ಸುರು ಆಗತೈತ್ರಿ?” ಎಂದು ಕೇಳುವುದುಂಟು. ತಾಳದ ಒಂದು ಆವರ್ತನ ಮುಗಿಯಲು ಒಂದು ನಿಮಿಷದ ಹತ್ತಿರ ಹಿಡಿಯಬಹುದು. ಕಿವಿ ಪಳಗಿದವನಿಗೆ ಆ ಒಂದು ನಿಮಿಷ ತುಂಬಿ ತುಳುಕುತ್ತದೆ. ಪಳಗದವನಿಗೆ ಅದು ಬರಿದಾದ ಅಂಗಳ. ಹಾಗೆಂದು ನಿಧಾನವೆಲ್ಲ ವಿಲಂಬಿತವಲ್ಲ. ಏನೂ ತೋಚದೆ ಎಳೆದಾಡುವ ಗಾಯಕನೂ ನಿಧಾನವಾಗಿಯೇ ಹಾಡುತ್ತಾನೆ. ಎಷ್ಟು ನಿಧಾನವೆಂದು ಕೇಳುವುದಕ್ಕಿಂತ, ಆ ನಿಧಾನದಲ್ಲಿ ತುಂಬಿರುವುದೇನೆಂದು ಕೇಳುವುದು ಸರಿಯಾದ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಎರಡು ತಾಸಿನಲ್ಲಿ ದೊರೆಯುವುದು ಕಷ್ಟ.

ಗುರಾಣಿಯ ಯುದ್ಧ

ಇನ್ನು ಹೊಸ ಆಟದ ಮಾತು. ‘ಡೂಮ್ 3’ರ ನಿಧಾನವನ್ನು ಅದರ ತಯಾರಕರು ಮುಂದುವರಿಸಲಿಲ್ಲ. 2016ರಲ್ಲಿ ಬಂದ ‘ಡೂಮ್’ ಮತ್ತೆ ಓಡಿತು. 2020ರ ಮಾರ್ಚಿನಲ್ಲಿ ಬಂದ ‘ಡೂಮ್ ಎಟರ್ನಲ್’ ಹಾರಿತು. ಆಕಾಶದಲ್ಲಿಯೇ ಎರಡನೆಯ ಜಿಗಿತ, ಎಡಕ್ಕೆ ಬಲಕ್ಕೆ ಮಿಂಚಿನಂತೆ ಸರಿಯುವ ಚಲನೆ. ನನ್ನ ಮೊಮ್ಮಗನ ಬೆರಳುಗಳು ಪಳಗಿದ್ದು ಇದರಲ್ಲಿ. ಐದು ವರ್ಷಗಳ ಮೇಲೆ ಬಂದ ಹೊಸ ಭಾಗದಲ್ಲಿ ಆ ಜಿಗಿತವೂ ಇಲ್ಲ, ಮಿಂಚೂ ಇಲ್ಲ. ಹಿಂದಿನದರಲ್ಲಿ ನೀವು ಯುದ್ಧವಿಮಾನವಾಗಿದ್ದಿರಿ, ಇದರಲ್ಲಿ ಉಕ್ಕಿನ ಟ್ಯಾಂಕು ಎಂಬ ಅರ್ಥದ ಮಾತನ್ನು ತಯಾರಕರೇ ಮೊದಲು ಸಾರಿದ್ದರು. ನಾಯಕನ ಎಡಗೈಗೆ ಒಂದು ಗುರಾಣಿ ಬಂದಿದೆ. ಅದರ ಅಂಚಿಗೆ ಗರಗಸದ ಹಲ್ಲುಗಳು. ರಾಕ್ಷಸರು ಎಸೆಯುವ ಬೆಂಕಿಯುಂಡೆಗಳಲ್ಲಿ ಹಸಿರು ಬಣ್ಣದವನ್ನು ಸರಿಯಾದ ಕ್ಷಣದಲ್ಲಿ ಗುರಾಣಿಯಿಂದ ತಡೆದರೆ ಅವು ಎಸೆದವನ ಕಡೆಗೇ ತಿರುಗುತ್ತವೆ.

ಮೊದಲ ದಿನಗಳಲ್ಲಿ ಆಟಗಾರರು ಎರಡು ಬಣವಾದರು. ಹೆಜ್ಜೆಯಲ್ಲಿ ತೂಕವಿದೆ, ಹೊಡೆತದಲ್ಲಿ ಗತ್ತಿದೆ ಎಂದು ಒಂದು ಬಣ. ರೆಕ್ಕೆ ಕತ್ತರಿಸಿದರೆಂದು ಇನ್ನೊಂದು ಬಣ. ಐದು ದಿನಗಳಲ್ಲಿ ಮೂವತ್ತು ಲಕ್ಷ ಜನ ಆಡಿದರೆಂದು ಕಂಪನಿ ಪ್ರಕಟಿಸಿತು. ಅವರಲ್ಲಿ ತಿಂಗಳ ಚಂದಾ ಕೊಟ್ಟು ಆಡಿದವರೂ ಸೇರಿದ್ದಾರೆ. ನನಗೆ ಕುತೂಹಲವೆನಿಸಿದ್ದು ಬೇರೆಯೊಂದು ಸಂಗತಿ. ಈ ನಿಧಾನ ಹೊಸದೇನಲ್ಲವಂತೆ. ಮೊಟ್ಟಮೊದಲ ಆಟದ ಕಡೆಗೆ ಮರಳಿ ನೋಡಿದ್ದರ ಫಲವಂತೆ. 1993ರಲ್ಲಿ ಬೆಂಕಿಯುಂಡೆಗಳು ನಿಧಾನವಾಗಿ ಬರುತ್ತಿದ್ದವು. ಅವುಗಳ ನಡುವೆ ನುಸುಳುವುದೇ ಆಟಗಾರನ ಜಾಣತನವಾಗಿತ್ತು. ಮೂವತ್ತೆರಡು ವರ್ಷಗಳ ಹಿಂದಿನ ಆ ನುಸುಳಾಟವನ್ನೇ ಗುರಾಣಿಯೊಡನೆ ಕೂಡಿಸಿದ್ದಾರೆ. ಎತ್ತಿನ ಗಾಡಿಯೆಂದು ಹುಡುಗ ಹಳಿದದ್ದು ವಂಶದ ಹಿರಿಯನ ನಡಿಗೆಯನ್ನೇ.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆಯಿದೆ. ಗದಗ ಜಿಲ್ಲೆ ಹುಟ್ಟಿದ 1997ನೆಯ ಇಸವಿಯಲ್ಲಿಯೇ ರಾಜೇಶ ರಾವ್ ಅವರು ಬೆಂಗಳೂರಿನಲ್ಲಿ ‘ಧ್ರುವ ಇಂಟರ್ಯಾಕ್ಟಿವ್’ ಎಂಬ ಆಟ ತಯಾರಿಕೆಯ ಸಂಸ್ಥೆಯನ್ನು ಆರಂಭಿಸಿದರು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರಕೆಲಸವನ್ನು ಒದಗಿಸುತ್ತ ಬೆಳೆದ ಅದನ್ನು 2019ರಲ್ಲಿ ‘ರಾಕ್‌ಸ್ಟಾರ್’ ಕಂಪನಿ ಕೊಂಡಿತು. ಪರದೆಯ ಮೇಲೆ ಕ್ಷಣಮಾತ್ರ ಕಂಡು ಮಾಯವಾಗುವ ಒಂದು ಕಂಬದ ಹಿಂದೆ ಯಾರೋ ಒಬ್ಬ ತರುಣನ ಒಂದು ವಾರದ ದುಡಿಮೆ ಇರಬಹುದೆಂದು ಆಡುವವನಿಗೆ ಹೊಳೆಯುವುದಿಲ್ಲ.

ಲಯದ ಕೀಲಿ

ಸಂಜೆ ಆರರ ಸುಮಾರಿಗೆ ಕರೆಂಟು ಬಂತು. ಹೊಸ ಮಣ್ಣಿನ ವಾಸನೆ ಮಹಡಿಯವರೆಗೂ ಏರಿತ್ತು. ಹುಡುಗ ಮತ್ತೆ ಕುಳಿತ. ಹದಿನೆಂಟು ನಿಮಿಷ ಬಾಕಿ. ಅವನ ಕಾಕನು ಹಿಂದೆ ನಿಂತು, ಆಟದ ಆಯ್ಕೆಗಳ ಪಟ್ಟಿಯಲ್ಲಿ ಒಂದು ಕೀಲಿಯನ್ನು ತೋರಿಸಿದ. ಆಟದ ವೇಗವನ್ನೇ ಹೆಚ್ಚು ಕಡಿಮೆ ಮಾಡುವ ಕೀಲಿ ಅದು. ನಿಧಾನವೆಂದು ದೂರುವವರು ಬರುವರೆಂದು ತಯಾರಕರು ಮುಂಚೆಯೇ ಊಹಿಸಿ ಲಯವನ್ನು ಆಡುವವನ ಕೈಗೇ ಕೊಟ್ಟಿದ್ದಾರೆ. ‘ಡೂಮ್ 3’ರ ಬ್ಯಾಟರಿಯಿಂದ ಕಲಿತ ಪಾಠವಿರಬಹುದು.

ಹುಡುಗ ಕೀಲಿಯನ್ನು ಮೇಲೇರಿಸಿದ. ರಾಕ್ಷಸರು ಹಳೆಯ ಮೂಕಿಚಿತ್ರದ ಜನರಂತೆ ಪುಟುಪುಟು ಓಡತೊಡಗಿದರು. ನನಗೆ ನಗು ಬಂತು, ಅವನಿಗೂ ಬಂತು. ಎರಡು ನಿಮಿಷ ಹಾಗೆ ಆಡಿ, ತಾನಾಗಿಯೇ ಕೀಲಿಯನ್ನು ಮೊದಲಿದ್ದಲ್ಲಿಗೆ ಇಳಿಸಿದ. ಆಮೇಲೆ ಅವನು ಕುಳಿತ ಭಂಗಿಯೇ ಬದಲಾಯಿತು. ಅವಸರ ಬಿಟ್ಟ. ದೊಡ್ಡ ರಾಕ್ಷಸನೊಬ್ಬ ಎದುರಿಗೆ ಬಂದಾಗ ಹಿಂದೆ ಸರಿಯದೆ ನಿಂತ. ಹಸಿರು ಉಂಡೆ ಬರುವುದನ್ನು ನೋಡಿದ, ಕಾದ, ಗುರಾಣಿ ಎತ್ತಿದ. ಠಣ್ ಎಂಬ ಸದ್ದಿಗೆ ನಾನೇ ಬೆಚ್ಚಿದೆ.

ಗಡಿಯಾರ ಎರಡು ತಾಸನ್ನು ದಾಟಿತು. ಅದನ್ನು ಅವನು ಗಮನಿಸಲಿಲ್ಲವೆಂದು ನಾನು ಭಾವಿಸಿದ್ದೆ. ರಾತ್ರಿ ಊಟಕ್ಕೆ ಕುಳಿತಾಗ, “ಹೆಂಗೈತೋ ಆಟ?” ಎಂದು ಅವನ ಅಜ್ಜಿ ಕೇಳಿದಳು. ಅವನು ರೊಟ್ಟಿ ಮುರಿದು ತುಸು ಹೊತ್ತು ಯೋಚಿಸಿದ. ನಾವು ಯಾರೂ ನಡುವೆ ಬಾಯಿ ಹಾಕಲಿಲ್ಲ.

“ಇನ್ನ ಹೇಳಾಕ ಬರಂಗಿಲ್ಲವ್ವಾ,” ಎಂದ. “ಕೆಲವು ಕಡೆ ಖರೇನ ಬ್ಯಾಸರ ಬರತೈತಿ. ಡ್ರ್ಯಾಗನ್ ಮ್ಯಾಲೆ ಕುಂತು ಹಾರೂದು ನನಗ ಸೇರಲಿಲ್ಲ. ಆದ್ರ ಗುರಾಣಿ ಹಿಡಕೊಂಡು ನಿಂದ್ರೂದು ಈಗ ತಿಳಿಯಾಕತ್ತೈತಿ. ರೊಕ್ಕ ವಾಪಸ್ ಕೇಳಲಿಲ್ಲ.” ಸ್ವಲ್ಪ ತಡೆದು, ತಾಟನ್ನು ನೋಡುತ್ತಲೇ ಅಂದ: “ಹತ್ತು ನಿಮಿಷದಾಗ ಹ್ವಾಗನ್ನೂದು ಹೆಂಗಿರತೈತಿ ಅನ್ನೂದು ನನಗ ಗೊತ್ತೈತಲ್ಲ.”

ಅವನ ಅಜ್ಜಿ ಇನ್ನೊಂದು ರೊಟ್ಟಿಯನ್ನು ಅವನ ತಾಟಿಗೆ ಹಾಕಿದಳು. ಮರುದಿನ ಬೆಳಿಗ್ಗೆ ಅವನು ಆಟಕ್ಕೆ ಕುಳಿತುಕೊಳ್ಳುವ ಮೊದಲು ಇನ್ನೊಂದು ಕೆಲಸದ ಅರ್ಜಿಯನ್ನು ಬರೆಯುತ್ತಿದ್ದುದನ್ನು ಕಂಡೆ. ನಿಧಾನವಾಗಿಯೇ ಬರೆಯುತ್ತಿದ್ದ.